ತುದಿಮನೆಯ ನಲ್ಲಿ

ಮನೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದರೆ, ಕೈಯಲ್ಲಿರುವ ಚಹಾ ಆರಿದರೂ ಪರವಾಗಿಲ್ಲ, ಇದನ್ನು ಪೂರ್ತಿ ಓದಿ...

ಉತ್ತರ ಕರ್ನಾಟಕದ ಒಂದು ಊರು. ಅಲ್ಲೊಂದು ಏರು ದಾರಿಯ ಓಣಿ. ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು.

ಆ ಓಣಿಯ ಹುಡುಗಿ ಸಂಜೀವಿನಿ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿತ್ತು. ಯಾವ ಕಾಲೇಜು, ಯಾವ ಬ್ರಾಂಚ್ ಬೇಕೆಂದು ಆಪ್ಷನ್ ಎಂಟ್ರಿ ಮಾಡಲು ಅಂದು ಸಂಜೆ ಐದು ಗಂಟೆಯೇ ಕೊನೆ.

ಸೋದರಮಾವ ಬೆಳಿಗ್ಗೆಯೇ ಅರವತ್ತು ಆಪ್ಷನ್‌ಗಳ ಪಟ್ಟಿ ಬರೆದು ತಂದಿದ್ದರು. ಕಾಲೇಜು ಅರವತ್ತು... ಬ್ರಾಂಚ್ ಮಾತ್ರ ಒಂದೇ. ಕಂಪ್ಯೂಟರ್ ಸೈನ್ಸ್!

"ಮಾವಾ, ಬ್ಯಾರೆ ಯಾವ್ದೂ ನೋಡೂದ ಬ್ಯಾಡೇನು?"

"ನೋಡೂದೇನೈತಿ? ಎಲ್ಲಾರೂ ಅದನ್ನ ತಗೋತಾರ. ಹಂಗಾರ ನಿನಗ್ಯಾವ್ದು ಸೇರತೈತಿ, ನೀನ ಹೇಳು."

ಸಂಜೀವಿನಿ ಬಾಯಿ ತೆರೆದಳು... ಉತ್ತರ ಬರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆ ಅದು.

ಗಣಿತ ಇಷ್ಟ, ಫಿಸಿಕ್ಸ್ ಇನ್ನೂ ಇಷ್ಟ. ಆದರೆ ಅದನ್ನು ಕಟ್ಟಿಕೊಂಡು ಏನು ಮಾಡಬೇಕು? ತನ್ನ ಮುಂದಿನ ಬದುಕೆಲ್ಲ ಇನ್ನೊಬ್ಬರ ಕೈಬರಹದಲ್ಲಿದೆ ಎನಿಸಿ ಅವಳಿಗೆ ಸಂಕಟವಾಯಿತು.

ಅಷ್ಟರಲ್ಲಿ ಹೊರಗೆ ಗದ್ದಲ. ಅಂದು ನೀರಿನ ದಿನ...

ವಾಲ್ವ್ ತಿರುಗಿಸಿ ನೀರು ಬಿಡುವ ಮಾಬುಸಾಬರನ್ನು ಓಣಿಯ ಹೆಂಗಸರು ಸುತ್ತುವರಿದಿದ್ದರು. ಎರಡು ವರ್ಷದಿಂದ ಓಣಿಯ ತುದಿಮನೆಗೆ ಒಂದು ಹನಿ ನೀರೂ ಹತ್ತುತ್ತಿರಲಿಲ್ಲ. ಆ ಮನೆಯ ಫಕೀರವ್ವ ಎಪ್ಪತ್ತು ದಾಟಿದ ಮೇಲೂ ಕೊಡ ಹೊತ್ತು ಏರು ಹತ್ತಬೇಕಿತ್ತು.

"ನೀ ಕೀಲಿ ಪೂರಾ ತಿರುವೂದಿಲ್ಲ! ಕೆಳಗಿನ ಓಣಿಯವರಿಗಿ ಬಿಡ್ತಿ!" ಎಂದು ಪಕ್ಕದ ಮನೆಯ ಶಾಂತಕ್ಕ ದಬಾಯಿಸುತ್ತಿದ್ದರು.

"ಪೂರಾ ತಿರುವೀನ್ರಿ ಅಕ್ಕಾರ... ನನ್ನ ಮಾತ ಯಾರು ನಂಬತೀರಿ?" ಮಾಬುಸಾಬರು ಕೈಯಲ್ಲಿದ್ದ ಕೀಲಿ ಎತ್ತಿ ತೋರಿಸಿದರು.

ಫಕೀರವ್ವ ಯಾರನ್ನೂ ಬೈಯಲಿಲ್ಲ. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ಸಂಜೀವಿನಿಗೆ ಅದನ್ನೇ ನೋಡಲಾಗಲಿಲ್ಲ.

ಪಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಓಣಿಯ ಬುಡದಿಂದ ತುದಿಯವರೆಗೆ ಒಂದೊಂದೇ ನಲ್ಲಿ ನೋಡುತ್ತ ಹೋದಳು.

ಎಲ್ಲ ಕಡೆಯೂ ಒಂದೇ ಕತೆ. ನೀರು ಬರುವ ಮೊದಲು ನಲ್ಲಿ "ಬುಸ್ಸ್" ಎನ್ನುತ್ತಿತ್ತು. ಜನ ಓಡಿ ಬಂದು ಅದನ್ನು ಬಂದ್ ಮಾಡುತ್ತಿದ್ದರು!

"ಯಾಕ ಬಂದ್ ಮಾಡ್ತೀರಿ, ಶಾಂತಕ್ಕ?"

"ಮತ್ತೇನವಾ? ಗಾಳಿಗೂ ಮೀಟರ್ ತಿರುಗತೈತಿ! ಗಾಳಿಗಿ ಯಾರ ಬಿಲ್ಲು ಕಟ್ಟತಾರ?"

ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಅವರಿಗೆಲ್ಲ ನೀರು ಬರುತ್ತಿತ್ತು. ತುದಿಮನೆಗೆ ಮಾತ್ರ ಇಲ್ಲ.

ಸಂಜೀವಿನಿ ತಲೆ ಕೆರೆದುಕೊಳ್ಳುತ್ತ ಮನೆಗೆ ಬಂದಳು. ಅವ್ವ ಬಾಟಲಿಗೆ ಎಣ್ಣೆ ಹಾಕುತ್ತಿದ್ದಳು. ಲಾಳಿಕೆ ಬಿಗಿಯಾಗಿ ಕೂತು ಎಣ್ಣೆ ಇಳಿಯದೆ ನಿಂತಿತ್ತು. ಅವ್ವ ಲಾಳಿಕೆಯನ್ನು ಚೂರೇ ಚೂರು ಎತ್ತಿದಳು... ಗುಳುಗುಳು ಇಳಿಯಿತು.

"ಗಾಳಿ ಹೊರಗ ಹೋಗಬೇಕವಾ. ಇಲ್ಲಂದ್ರ ಎಣ್ಣಿ ಎಲ್ಲಿ ಇಳೀತೈತಿ?"

ಸಂಜೀವಿನಿ ಅವ್ವನ ಕೆನ್ನೆಗೆ ಮುತ್ತು ಕೊಟ್ಟು ತುದಿಮನೆಗೆ ಓಡಿದಳು. ಪಾಪ, ಅವ್ವನಿಗೆ ಏನೂ ತಿಳಿಯಲಿಲ್ಲ.

ಮೀಟರ್ ಕೂರಿಸಿ ಎರಡು ವರ್ಷ. ತುದಿಮನೆಗೆ ನೀರು ನಿಂತೂ ಎರಡು ವರ್ಷ! ಎಲ್ಲರೂ ಮುಚ್ಚಿ ಮುಚ್ಚಿ ಮೇಲಕ್ಕೆ ದಬ್ಬಿದ ಗಾಳಿ ಕೊನೆಗೆ ಫಕೀರವ್ವನ ಪೈಪಿನಲ್ಲಿ ಸಿಕ್ಕಿಕೊಂಡು ನೀರನ್ನು ತಡೆಯುತ್ತಿತ್ತು. ನೆರೆಯವರು ಹೇಳಿಕೊಟ್ಟಂತೆ ಅವರೂ ಬುಸ್ಸ್ ಎಂದಾಗಲೆಲ್ಲ ನಲ್ಲಿ ಮುಚ್ಚುತ್ತಿದ್ದರು.

"ಆಯಿ, ಏನ ಸಪ್ಪಳ ಬಂದ್ರೂ ಇವತ್ತ ನಲ್ಲಿ ಮುಚ್ಚಬ್ಯಾಡ್ರಿ."

"ಮೀಟರ್ ಓಡ್ತೈತೆವ್ವಾ..."

"ಓಡಲಿ ಬಿಡ್ರಿ, ಒಂದಿನ!"

ಬುಸ್ಸ್... ಐದು ನಿಮಿಷ... ಹತ್ತು ನಿಮಿಷ... ಓಣಿಯೆಲ್ಲ ಬಂದು ನೆರೆಯಿತು.

ನಲ್ಲಿ ಎರಡು ಸಲ ಕೆಮ್ಮಿತು. ಕೆಂಪು ನೀರು ಉಗುಳಿತು. ಆಮೇಲೆ ಧೋ ಎಂದು ಸುರಿಯತೊಡಗಿತು...

ಫಕೀರವ್ವ ಕೊಡ ಹಿಡಿಯುವುದನ್ನೇ ಮರೆತು, ಎರಡೂ ಕೈ ನೀರಿಗೊಡ್ಡಿ ಮಗುವಿನಂತೆ ನಕ್ಕರು. ಆ ಒದ್ದೆ ಕೈಗಳಿಂದಲೇ ಹುಡುಗಿಯ ಕೆನ್ನೆ ಸವರಿದರು. "ನಿನ್ನ ಹೊಟ್ಟಿ ತಣ್ಣಗಿರಲಿ, ನನ್ನವ್ವಾ..."

"ತಪ್ಪಾತು, ಮಾಬುಸಾಬಣ್ಣ. ಎರಡ ವರ್ಷ ನಿನ್ನ ಸುಮ್ಮಸುಮ್ಮನ ಬೈದ್ವಿ" ಎಂದರು ಶಾಂತಕ್ಕ.

ಮಾಬುಸಾಬರು ಹೆಗಲ ಮೇಲಿನ ಟವೆಲ್‌ನಿಂದ ಕಣ್ಣೊರೆಸಿಕೊಂಡರು. "ಇಲ್ಲೊಂದ ಗಾಳಿ ಬಿಡೂ ವಾಲ್ವ್ ಹಾಕಸ್ತೀನಿ... ಮಗಳ, ಇಂಥಾದ್ದ ಕಲಸೂ ಕಾಲೇಜ ಐತೇನ? ಇದ್ರ ನೀ ಅಲ್ಲಿಗೇ ಹೋಗವಾ."

ಸಂಜೀವಿನಿಗೆ ಬೆಳಿಗ್ಗೆ ಬಾರದ ಉತ್ತರ ಈಗ ಬಂದಿತ್ತು.

ಮಧ್ಯಾಹ್ನವೆಲ್ಲ ಕೂತು ಒಂದೊಂದು ಬ್ರಾಂಚ್‌ನಲ್ಲಿ ಏನೇನು ಕಲಿಸುತ್ತಾರೆಂದು ಓದಿದಳು. ನಾಲ್ಕು ಗಂಟೆಗೆ ಹೊಸ ಪಟ್ಟಿ ಸಿದ್ಧ. ಮೊದಲನೆಯದು, ನೀರು ಸರಬರಾಜನ್ನೂ ಕಲಿಸುವ ಸಿವಿಲ್.

"ಸಿವಿಲ್ಲಾ? ಬಿಸಿಲಾಗ ನಿಂದರಬೇಕಾಕ್ಕೈತಿ, ಹುಚ್ಚಿ!" ಎಂದರು ಮಾವ.

"ಮುಂಜಾನೆಲ್ಲಾ ಬಿಸಿಲಾಗ ನಿಂತ ಬಂದೀನಿ ಮಾವಾ... ಭಾಳ ಛಲೋ ಅನಸ್ತು!"

ಮಾವ ಕೆಂಪು ನೀರಿನ ಕಲೆಯಾದ ಅವಳ ಲಂಗ, ಹೊಳೆಯುವ ಕಣ್ಣು ನೋಡಿದರು. ತಮ್ಮ ಪಟ್ಟಿ ಮಡಚಿ ಕಿಸೆಗೆ ಹಾಕಿಕೊಂಡರು. "ಹೂಂ, ಮೊಬೈಲ್ ತಗೀ. ಐದಾಗೂದ್ರೊಳಗ ತುಂಬೂಣು."

ಯಾವ ತೊಂದರೆ ಕಂಡರೆ ನಿಮ್ಮ ಕೈ ಸುಮ್ಮನಿರುವುದಿಲ್ಲವೋ, ನಿಮ್ಮ ಓದಿನ ದಾರಿ ಅಲ್ಲಿಂದಲೇ ಶುರು.

ನಿಮ್ಮ ಮನೆಯ ಮಗು ಏನನ್ನು ಕಂಡರೆ ಊಟ ಮರೆತು ನಿಲ್ಲುತ್ತದೆ... ಪಟ್ಟಿ ಬರೆಯುವ ಮೊದಲು ಒಮ್ಮೆಯಾದರೂ ಕೇಳಿದ್ದೀರಾ?