ಹಾಲಿನಲ್ಲಿ ತಪ್ಪಿಲ್ಲ

ಈ ವರ್ಷ ಕುಡಿಯುವ ನೀರಿಗೆ ತೊಂದರೆಯಾಗುವುದಿಲ್ಲ ಎಂದು ಮಂತ್ರಿಗಳು ಕೊಟ್ಟ ಭರವಸೆಯನ್ನು ಓದಿ ಮುಗಿಸಿ, ರೇಡಿಯೋದಲ್ಲಿ ಬೆಳಗಿನ ಏಳು ಗಂಟೆಯ ಸುದ್ದಿ ಓದುವವಳು ಉಸಿರು ತೆಗೆದುಕೊಂಡಳು. ಆ ಒಂದು ಕ್ಷಣದ ಮೌನದಲ್ಲಿ ಅವಳ ಹೊಟ್ಟೆ ಗುಡುಗುಡು ಎಂದಿತು. ಸ್ಟುಡಿಯೋದ ಮೈಕು ಒಳ್ಳೆಯದು, ಊರೆಲ್ಲ ಕೇಳಿಸಿಕೊಂಡಿತು. ಕೇಳುಗರೊಬ್ಬರು ಫೋನು ಮಾಡಿ, ಮಂತ್ರಿಗಳಿಗೆ ತಕ್ಕ ಉತ್ತರ ಕೊಟ್ಟಿರಿ ಎಂದು ಅಭಿನಂದಿಸಿದರು.

ರೇಡಿಯೋ ಕೇಂದ್ರದ ಮುಖ್ಯಸ್ಥರಿಗೆ ಮಾತ್ರ ನಗು ಬರಲಿಲ್ಲ. ಆ ತಿಂಗಳಲ್ಲಿ ಅದು ನಾಲ್ಕನೆಯ ಸಲ. ಇನ್ನೊಂದು ಸಲ ಹೀಗಾದರೆ ಬೆಳಗಿನ ಸುದ್ದಿಯನ್ನು ಬೇರೆಯವರಿಗೆ ಕೊಟ್ಟು ಅವಳನ್ನು ಮಧ್ಯಾಹ್ನದ ಹವಾಮಾನ ವರದಿಗೆ ಹಾಕುವುದಾಗಿ ಹೇಳಿದರು. ಅಲ್ಲಾದರೆ ಗುಡುಗಿದರೂ ನಡೆಯುತ್ತದೆ ಎಂಬುದು ಅವರ ವಾದ. ಆರು ವರ್ಷ ಕಾದು ಪಡೆದ ಬೆಳಗಿನ ಸುದ್ದಿ ಅದು. ಅವಳಿಗೆ ಅಳುವೇ ಬಂತು.

ಕಾರಣ ಅವಳಿಗೆ ಗೊತ್ತಿತ್ತು: ಮುಂಜಾನೆ ಮಾವ ಕೊಡುವ ಒಂದು ಲೋಟ ಹಾಲು. ಅತ್ತೆ ತೀರಿಕೊಂಡ ಮೇಲೆ ಮಾವ ಇವರ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತ ಮೂವತ್ತೊಂದು ವರ್ಷ ಕಳೆದ ಮನುಷ್ಯ, ಮಾತು ಕಡಿಮೆ. ಐದಕ್ಕೇ ಎದ್ದು ಹಾಲು ಕಾಯಿಸಿ ಸೊಸೆಯ ಕೈಗಿಡುವುದೊಂದೇ ಈ ಮನೆಯಲ್ಲಿ ಅವರು ತಾವಾಗಿ ವಹಿಸಿಕೊಂಡ ಕೆಲಸ. ಬೇಡ ಅಂದರೆ ಆ ಜೀವ ಎಷ್ಟು ನೊಂದುಕೊಳ್ಳುತ್ತದೋ! ಅವಳ ಪಾಲಿಗೆ ಅದು ಹಾಲಲ್ಲ, ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗಂಡನನ್ನು ಕೇಳಿದರೆ, ಸಿಂಕಿಗೆ ಸುರಿದುಬಿಡು ಎಂದು ಹೇಳಿ ಮಗ್ಗುಲು ಬದಲಿಸಿದ್ದ. ಮಲಗಿಕೊಂಡು ಹೇಳುವುದು ಸುಲಭ. ಮಾವ ನಿಲ್ಲುತ್ತಿದ್ದುದೇ ಸಿಂಕಿನ ಪಕ್ಕದಲ್ಲಿ.

ಹೊಟ್ಟೆ ಯಾಕೋ ಸರಿಯಿಲ್ಲ ಎಂದು ಒಮ್ಮೆ ಸುಳಿವು ಕೊಟ್ಟು ನೋಡಿದ್ದಳು. ಮಾವನ ಅನುಮಾನ ನೇರ ಹಾಲಿನ ಮೇಲೆ ಹೋಯಿತು. ಹಾಲಿಗೆ ನೀರು ಬೆರೆಸಿದ್ದರೆ ತೋರಿಸಿಕೊಡುವ ಗಾಜಿನ ಕೊಳವೆಯೊಂದನ್ನು ಅವರು ಡೈರಿ ಬಿಟ್ಟರೂ ಬಿಟ್ಟಿರಲಿಲ್ಲ. ಅದನ್ನು ಪಾತ್ರೆಯಲ್ಲಿ ತೇಲಿಬಿಟ್ಟು, ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮರುದಿನ ಹಾಲಿನವನನ್ನು ಬದಲಾಯಿಸಿದರು. ಮತ್ತೂ ಎರಡು ದಿನ ಬಿಟ್ಟು, ನಿತ್ರಾಣದಿಂದಲೇ ಹೊಟ್ಟೆ ಕೆಟ್ಟಿರಬೇಕು ಎಂದು ತೀರ್ಮಾನಿಸಿ ಲೋಟವನ್ನೇ ದೊಡ್ಡದು ಮಾಡಿದರು. ‘ಹಾಲು ಕುಡಿದಷ್ಟು ಸಂತೋಷ’ ಎಂದು ಮೊದಲು ಹೇಳಿದವರ ಹೊಟ್ಟೆ ಎಂಥದ್ದಿರಬಹುದು ಎಂದು ಅವಳು ಬಸ್ಸಿನಲ್ಲಿ ಕುಳಿತು ಯೋಚಿಸುತ್ತಿದ್ದಳು.

ಮುಖ್ಯಸ್ಥರ ಕೋಣೆಯಿಂದ ಹೊರಬಿದ್ದವಳು ಆವತ್ತು ನೇರವಾಗಿ ಡಾಕ್ಟರ ಬಳಿ ಹೋದಳು. ಡಾಕ್ಟರು ನಾಲ್ಕು ಪ್ರಶ್ನೆ ಕೇಳಿ, ಒಂದು ಪರೀಕ್ಷೆ ಮಾಡಿಸಿ, ಇದು ರೋಗವೇ ಅಲ್ಲ ಎಂದರು. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ಎಷ್ಟೋ ಜನಕ್ಕೆ ಕಡಿಮೆಯಾಗುತ್ತದಂತೆ. ಆಗುವವರು ಕುಡಿಯಲಿ, ಆಗದವರು ಬಿಡಲಿ. ಅದಕ್ಕಾಗಿ ಯಾರೂ ಜಗಳವಾಡಬೇಕಾಗಿಲ್ಲ.

“ಕೊಂಬು ಬರೋ ಹೊತ್ತಿಗೆ ಕರುನೇ ಹಾಲು ಬಿಟ್ಟುಬಿಡುತ್ತೆ. ನಿಮಗ್ಯಾಕಮ್ಮಾ ಇಷ್ಟು ಹಠ?” ಎಂದರು.

ಹಠ ತನ್ನದಲ್ಲ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಮನೆಗೆ ಬಂದಳು. ಮಾವ ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಕುಳಿತಿದ್ದರು. ಎದುರಿಗೆ ನಿಂತು, ಎದೆ ಗಟ್ಟಿ ಮಾಡಿಕೊಂಡು, ಸುದ್ದಿ ಓದುವ ದನಿಯಲ್ಲೇ ಹೇಳಿಬಿಟ್ಟಳು.

“ಮಾವ, ನನಗೆ ಹಾಲು ಆಗಲ್ಲ.”

“ಹಾಲಿನಲ್ಲಿ ತಪ್ಪಿಲ್ಲಮ್ಮ. ನಾನೇ ನೋಡಿದ್ದೀನಲ್ಲ.”

“ಹಾಲು ಚೆನ್ನಾಗೇ ಇದೆ. ಆಗದೆ ಇರೋದು ನನ್ನ ಹೊಟ್ಟೆಗೆ. ಡಾಕ್ಟರೂ ಅದನ್ನೇ ಹೇಳಿದ್ರು. ಇನ್ನೊಂದು ದಿನ ಕುಡಿದರೆ ಬೆಳಗಿನ ಸುದ್ದಿ ನನ್ನ ಕೈ ತಪ್ಪಿ ಹೋಗುತ್ತೆ.”

ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನೊಂದುಕೊಂಡರು ಎಂದೇ ಅವಳು ಅಂದುಕೊಂಡಳು.

“ನನಗೂ ಆಗಲ್ಲ” ಎಂದರು ಮಾವ.

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. ಮಾವ ತಪ್ಪೊಪ್ಪಿಕೊಳ್ಳುವವರಂತೆ ತಗ್ಗಿದ ದನಿಯಲ್ಲಿ ವಿಷಯ ಬಿಚ್ಚಿದರು. ಮೂವತ್ತೊಂದು ವರ್ಷ ಹಾಲನ್ನು ಬಾಯಲ್ಲಿಟ್ಟು ರುಚಿ ನೋಡಿ ಉಗುಳಿದ್ದೇ ಹೊರತು ಒಂದು ಗುಟುಕನ್ನೂ ನುಂಗಿರಲಿಲ್ಲವಂತೆ. ಅಪ್ಪಿತಪ್ಪಿ ಒಳಗೆ ಹೋದರೆ ಆವತ್ತು ರಜೆಯೇ ಗತಿ. ಡೈರಿಯವನಿಗೇ ಹಾಲು ಆಗುವುದಿಲ್ಲ ಎಂದರೆ ಜನ ಏನಂದಾರು ಎಂದು ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಲೋಕದಲ್ಲಿ ಇಂಥ ಹೊಟ್ಟೆ ತನ್ನದೊಂದೇ ಎಂದುಕೊಂಡಿದ್ದರಂತೆ.

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

“ಸರಿ ಮಾವ, ಎಂಟು ತಿಂಗಳಿಂದ ಒಂದು ದಿನಾನೂ ತಪ್ಪಿಸದೆ ನನಗೆ ಯಾಕೆ ಕುಡಿಸಿದ್ರಿ? ನಾನೇನು ಕೇಳಿದ್ನಾ?”

ಮಾವ ಪತ್ರಿಕೆಯನ್ನು ನಿಧಾನವಾಗಿ ಮಡಿಸಿಟ್ಟರು.

“ಬಿಸಿ ಹಾಲನ್ನ ಗಟಗಟ ಅಂತ ಕುಡಿಯೋಕಾಗಲ್ಲಮ್ಮ. ಊದ್ಕೊಂಡು, ಆರಿಸ್ಕೊಂಡು ನೀನು ಐದು ನಿಮಿಷ ನನ್ನ ಜೊತೆ ಮಾತಾಡ್ತಿದ್ದೆ. ಆಮೇಲೆ ನಿನ್ನ ಮಾತೆಲ್ಲ ಊರಿಗೆ.”