ನನ್ನ ಹತ್ರ ಓಪನ್ ಆಗ್ತಿದೆಯಲ್ಲ!

"ನನ್ನ ಹತ್ರ ಚೆನ್ನಾಗೇ ಓಪನ್ ಆಗ್ತಿದೆಯಲ್ಲ!" ಎಂದು ಪಂಡಿತ, ಆ ಕಡೆಯವರು ಇನ್ನೂ ಮಾತಾಡುತ್ತಿರುವಾಗಲೇ ಫೋನ್ ಇಟ್ಟುಬಿಟ್ಟ.

ಬೆಳಗ್ಗೆಯಿಂದ ಇದೇ ಗೋಳು. ಕಣ್ಣಾಸ್ಪತ್ರೆಯ ವೆಬ್‌ಸೈಟ್ ತೆರೆಯುತ್ತಿಲ್ಲವೆಂದು ಊರಿಗೆ ಊರೇ ಫೋನ್ ಮಾಡುತ್ತಿತ್ತು. ಅದನ್ನು ಕಟ್ಟಿದವನು ಪಂಡಿತ, ನೋಡಿಕೊಳ್ಳುವವನೂ ಅವನೇ. ಆ ಹೆಸರು ಹೆತ್ತವರು ಇಟ್ಟದ್ದಲ್ಲ, ಆಫೀಸಿನವರು ಇಟ್ಟದ್ದು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ.

ವರ್ಷಕ್ಕೊಮ್ಮೆ ಬರುವ ದೊಡ್ಡ ಶಸ್ತ್ರವೈದ್ಯರ ಬಳಿ ಆಪರೇಷನ್‌ಗೆ ಹೆಸರು ನೋಂದಾಯಿಸಲು ಅಂದು ಒಂದೇ ದಿನ ಅವಕಾಶ. ವೆಬ್‌ಸೈಟಿನಲ್ಲಿ ಹೆಸರು ಹಾಕಿ, ಸಂಜೆ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಬೇಕು. ಇಂಥ ಮಹತ್ವದ ದಿನ ಪಂಡಿತ ಬೆಳಗ್ಗೆ ಬೇಗನೆ ಬಂದು, 'ನೋಂದಾಯಿಸಿ' ಎಂಬ ಬಟನ್ ನೀಲಿ ಇರಲೋ ಹಸಿರಿರಲೋ ಎಂಬ ಘನ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದ.

ಆಫೀಸಿನ ಮಾಲೀಕರು ಏದುಸಿರು ಬಿಡುತ್ತಾ ಬಂದರು. "ಏನಯ್ಯಾ ಪಂಡಿತ, ಸರ್ವರ್ ಸತ್ತುಹೋಗಿದ್ಯಂತೆ? ನನ್ನ ಫೋನಲ್ಲೂ ಬರ್ತಿಲ್ಲ!"

ಪಂಡಿತ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ. ಪುಟ ಥಟ್ಟನೆ ತೆರೆಯಿತು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್? ನಿಮ್ಮ ಫೋನ್ ಹಳೇದು. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಮಾಲೀಕರು ತಮ್ಮ ಫೋನನ್ನು ನಾಚಿಕೆಯಿಂದ ಜೇಬಿಗೆ ಸೇರಿಸಿದರು. ಅಂದು ಊರಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಹಳೆಯವಾಗಿದ್ದವು.

ಅಷ್ಟರಲ್ಲಿ ಹೆಂಡತಿಯ ಕರೆ ಬಂತು.

"ರೀ, ಅಮ್ಮನ ಹೆಸರು ಹಾಕೋಣ ಅಂದ್ರೆ ಅದು ಓಪನ್ನೇ ಆಗ್ತಿಲ್ಲ. ಪಕ್ಕದ ಮನೆಯವರು ಆಸ್ಪತ್ರೆಗೇ ಹೋಗಿ ಸಾಲಲ್ಲಿ ನಿಂತಿದ್ದಾರೆ. ನಾವೂ ಹೋಗ್ಬಿಡೋಣ್ವಾ?"

"ಸಾಲಲ್ಲಾ? ಆ ಸೈಟ್ ಮಾಡಿದವನ ಅತ್ತೆ ಹೋಗಿ ಸಾಲಲ್ಲಿ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು? ಫೋನ್ ಅವರಿಗೆ ಕೊಡು."

ಅತ್ತೆಯ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದದ್ದು ಇನ್ನೊಂದು ವರ್ಷ ಕಾಯುವುದಿಲ್ಲವೆಂದು ಇಲ್ಲಿನ ವೈದ್ಯರು ಕೈಚೆಲ್ಲಿದ್ದರು. ಹೊಸದಾಗಿ ಹುಟ್ಟಿದ ಮೊಮ್ಮಗಳ ಮೂಗು ಯಾರ ಹಾಗಿದೆಯೆಂದು ಆಕೆ ಬೆರಳಿನಿಂದ ಸವರಿಯೇ ತಿಳಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಪಂಡಿತನಿಗೂ ಕರುಳು ಚುರುಕ್ಕೆನ್ನುತ್ತಿತ್ತು. ಜಂಬದವನಾದರೂ ಕೆಟ್ಟವನಲ್ಲ.

"ಅಳಿಯಂದ್ರೇ, ನಂಗೆ ನಿಂತ್ಕೊಳ್ಳೋಕೆ ಏನೂ ಕಷ್ಟ ಇಲ್ಲಪ್ಪ. ಹೋಗಿರೋದು ಕಣ್ಣು, ಕಾಲಲ್ಲ."

"ನೀವು ಆರಾಮಾಗಿ ಮನೇಲಿರಿ ಅತ್ತೆ. ನಾನಿದ್ದೀನಲ್ಲ."

ತಾನೇ ವಿವರ ತುಂಬಿದ. ಬಟನ್ ಒತ್ತಿದ. ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು: 'ನೋಂದಣಿ ಯಶಸ್ವಿ. ನಿಮ್ಮ ಸಂಖ್ಯೆ ಒಂದು.'

ಒಂದು! ಪಂಡಿತನಿಗೆ ನಗು ತಡೆಯಲಾಗಲಿಲ್ಲ. ಬೆಳಗ್ಗೆಯಿಂದ ಪ್ರಾಣ ತಿಂದವರಲ್ಲಿ ಒಬ್ಬರಿಗೂ ಹೆಸರು ಹಾಕುವ ಯೋಗ್ಯತೆ ಇಲ್ಲ, ದೂರುವುದು ಮಾತ್ರ ಸರ್ವರನ್ನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನು ಪರದೆಯ ಚಿತ್ರ ತೆಗೆದು ಮನೆಗೆ ಕಳಿಸಿದ. ಅತ್ತೆ ಅದನ್ನು ಮಗಳಿಂದ ಮತ್ತೆ ಮತ್ತೆ ಓದಿಸಿ ಕೇಳಿದರಂತೆ. 'ಅದೇನೋ ಟೈಪ್ ಮಾಡ್ತಾ ಕೂತಿರ್ತಾನೆ' ಎಂದು ನೆಂಟರಿಗೆ ಅಳಿಯನನ್ನು ಪರಿಚಯಿಸುತ್ತಿದ್ದ ಆಕೆ, ಅಂದು ಮೊದಲ ಬಾರಿಗೆ 'ನಮ್ಮ ಅಳಿಯ ಇಂಜಿನಿಯರ್ರು' ಎಂದರಂತೆ.

ಮಧ್ಯಾಹ್ನ ಆಫೀಸಿನ ಇಂಟರ್ನೆಟ್ಟೇ ಕೈಕೊಟ್ಟಿತು. ಎಲ್ಲರೂ ಕೈಕಟ್ಟಿ ಕುಳಿತರು. ಪಂಡಿತನ ಪರದೆಯಲ್ಲಿ ಮಾತ್ರ ಆಸ್ಪತ್ರೆಯ ಪುಟಗಳು ಒಂದರ ಹಿಂದೆ ಒಂದು ಸಲೀಸಾಗಿ ತೆರೆಯುತ್ತಿದ್ದವು.

"ನೆಟ್ ಹೋದ್ರೂ ನನ್ನ ಸೈಟ್ ಹೋಗಲ್ಲ ಸಾರ್."

ಮಾಲೀಕರು ಬೆನ್ನು ತಟ್ಟಿದರು. ಅದು ಹೇಗೆಂದು ಕೇಳುವಷ್ಟು ತಿಳಿವಳಿಕೆ ಅವರಿಗಿರಲಿಲ್ಲ, ಯೋಚಿಸುವಷ್ಟು ಪುರುಸೊತ್ತು ಪಂಡಿತನಿಗಿರಲಿಲ್ಲ.

ಸಂಜೆ ಅತ್ತೆಯ ಕೈ ಹಿಡಿದು, ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೇರಿಸಿ, ಹೆಂಡತಿಯೊಡನೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಪಕ್ಕದ ಮನೆಯವರು ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದರು. ಪಾಪ, ದಿನವೆಲ್ಲ ನಿಂತು ಸುಸ್ತಾಗಿರಬೇಕೆಂದು ಅವರತ್ತ ಕನಿಕರದ ನಗೆ ಬೀರಿ ಕೌಂಟರಿಗೆ ಹೋದ.

ಕೌಂಟರಿನಾಕೆ ಹುಡುಕಿದಳು. "ಈ ಹೆಸರು ಇಲ್ವಲ್ಲ ಸಾರ್."

"ಸರಿಯಾಗಿ ನೋಡಮ್ಮ. ಒಂದನೇ ನಂಬರು. ವೆಬ್‌ಸೈಟಲ್ಲಿ ನಾನೇ ಹಾಕಿದ್ದು."

"ಯಾವ ವೆಬ್‌ಸೈಟು? ಬೆಳಗ್ಗೆಯಿಂದ ಒಂದ್ಸಲಾನೂ ಓಪನ್ ಆಗಿಲ್ಲ ಅದು. ಜನ ಗಲಾಟೆ ಮಾಡಿದ್ರು ಅಂತ, ಬಂದು ನಿಂತವರಿಗೆಲ್ಲ ಇಲ್ಲೇ ಚೀಟಿ ಕೊಟ್ವಿ. ಎಲ್ಲಾ ಭರ್ತಿ ಆಯ್ತು. ಇನ್ನು ಮುಂದಿನ ವರ್ಷಾನೇ."

"ಬುರುಡೆ ಬಿಡ್ಬೇಡಿ!" ಪಂಡಿತ ಲ್ಯಾಪ್‌ಟಾಪ್ ತೆಗೆದು ಕೌಂಟರಿನ ಮೇಲೆ ಕುಕ್ಕಿದ. ಪುಟ ಥಟ್ಟನೆ ತೆರೆಯಿತು. ಅತ್ತೆಯ ಹೆಸರು, ಸಂಖ್ಯೆ ಒಂದು.

ಆಕೆ ಬಗ್ಗಿ ನೋಡಿದಳು. "ಅದೆಂಗೆ ಸಾರ್? ನೀವು ಇಲ್ಲಿನ ನೆಟ್ಟಿಗೆ ಸೇರ್ಕೊಂಡೇ ಇಲ್ವಲ್ಲ?"

ಪಂಡಿತ ಪರದೆ ನೋಡಿದ. ಮೂಲೆಯಲ್ಲಿ ನೆಟ್ ಇಲ್ಲವೆಂಬ ಗುರುತಿತ್ತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಏನಂತೆ ಅಳಿಯಂದ್ರೇ?" ಅತ್ತೆ ದನಿ ಬಂದ ಕಡೆಗೆ ಮುಖ ಮಾಡಿ ನಕ್ಕರು. "ನಂದೇ ಮೊದಲನೇದು ತಾನೇ?"

ಬಟನ್ನಿನ ಬಣ್ಣ ಬದಲಿಸಿ ನೋಡಲೆಂದು, ಆಸ್ಪತ್ರೆಯ ವೆಬ್ ವಿಳಾಸ ಕೊಟ್ಟರೆ ತನ್ನ ಲ್ಯಾಪ್‌ಟಾಪಿನೊಳಗಿನ ಸೈಟಿನ ನಕಲೇ ತೆರೆಯುವಂತೆ ಬೆಳಗ್ಗೆ ಮಾಡಿಕೊಂಡು ಮರೆತಿದ್ದ ಪಂಡಿತ, ಅತ್ತೆಯ ಹೆಸರನ್ನು ದಿನವಿಡೀ ಜೋಪಾನವಾಗಿ ತನ್ನ ಕಂಕುಳಲ್ಲೇ ಇಟ್ಟುಕೊಂಡು ತಿರುಗಿದ್ದ.