ಓದುವವರಿಲ್ಲದ ಗ್ರಂಥ

ಗಂಡ ಪಾರೀಸ ತೀರಿಕೊಂಡ ಹದಿನಾಲ್ಕನೆಯ ಬೆಳಿಗ್ಗೆ, ಅವನು ಓದಲು ತಂದಿದ್ದ ತಾಳೆಗರಿಯ ಕಟ್ಟನ್ನು ಮರಳಿಸಲು ಕಾಂಚನ ಮಹಾರಾಷ್ಟ್ರದ ಗಡಹಿಂಗ್ಲಜದ ಬಸದಿಗೆ ಒಯ್ದಳು. ಬಸದಿ ಕಟ್ಟಿಸಿದವರ ಕಥೆ ಅದರಲ್ಲಿ ಹಳಗನ್ನಡದಲ್ಲಿತ್ತು.

“ಇದನ್ನ ಓದಾಂವ ಪಾರೀಸ ಒಬ್ಬನ ಇದ್ದ, ಮಗಳ. ಉಳದವರಿಗೆಲ್ಲ ಮರಾಠಿನ ಬರತೈತಿ,” ಎಂದರು ಬಸದಿಯ ಪೂಜೆ ಮಾಡುವ ಉಪಾಧ್ಯೆ. “ಓದಾವರಿಲ್ಲದ ಗ್ರಂಥ ಹೊಳಿಗೆ ಬಿಡೂದು ನಮ್ಮ ಪದ್ಧತಿ.”

“ನಾ ಓದ್ತೇನ್ರಿ ಕಾಕಾ. ಕಾಲೇಜಿನ್ಯಾಗ ಕಲತೇನಿ.”

“ಅಂವ ಒಂದ ಗರಿ ಓದಿ ಮುಗಸೂದ್ರಾಗ ಎರಡ ಸಲ ಚಹಾ ಕುಡೀತಿದ್ದ. ನೀ ಎಷ್ಟ ಕುಡೀತಿ?”

ಇಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಪಾರೀಸ ನಿಲ್ಲಿಸಿದ್ದ ಗರಿಯಿಂದಲೇ ಶುರುಮಾಡಿ ಗಟ್ಟಿಯಾಗಿ ಓದಿದಳು, ಮರಾಠಿಯಲ್ಲಿ ಅರ್ಥ ಹೇಳಿದಳು. ದರ್ಶನಕ್ಕೆ ಬಂದ ಹೆಂಗಸರು ಕೇಳುತ್ತ ಅಲ್ಲೇ ಕುಳಿತರು.

“ನಾಳೆ ಎಷ್ಟೊತ್ತಿಗಿ ಬರ್ತಿ?” ಎನ್ನುತ್ತ ಉಪಾಧ್ಯೆ ಗ್ರಂಥಗಳ ಕಪಾಟು ತೆರೆದರು. ಕಾಂಚನ ಕಟ್ಟನ್ನು ತನ್ನ ಕೈಯಾರೆ ಒಳಗಿಟ್ಟಳು.